ಕಾಟಾ ಸೊನ್ನಿಗೆ ಬಂದದೇನು

ಉರುಕುಂದಿ, ಮದಲು ಕೀಲಿ ತೊಗೋ,
ಆಮ್ಯಾಲ ಪಾಸ್‌ವರ್ಡು.
ಈ ಕೋಣಿ ಬಾಗಿಲು ಎತ್ತಿ ಹಿಡದು ತಿರುವಬೇಕು,
ಇಲ್ಲಂದ್ರ ತೆರಿಯಂಗಿಲ್ಲ.
ಇದು ಯಾವ ಮ್ಯಾನ್ಯುಯಲ್ಲಿನಾಗೂ ಬರದಿಲ್ಲ.

ಗ್ವಾಡಿ ಆಚಿಗೆ ರಾಯಚೂರ ಗಂಜು.
ಹತ್ತಿ ಗಾಡಿ ಬಂದಂಗೆಲ್ಲ
ಅರಳಿ ಎಳಿ ಗಾಳ್ಯಾಗ ತೇಲಿ ಬಂದು
ಸರ್ವರಿನ ಫ್ಯಾನಿನಾಗ ಗೂಡು ಕಟ್ತದ.
ಮಷೀನು ಮೆತ್ತಗಾತಂದ್ರ ಲಾಗ್ ಓದು, ಬ್ಯಾಡನ್ನಂಗಿಲ್ಲ,
ಆದ್ರ ಅದಕ್ಕೂ ಮದಲು ಅಂಗೈ ಇಟ್ಟು ನೋಡು,
ಕೂಸಿನ ಹಣಿ ಮುಟ್ಟಿದಂಗ.
ಒಂದು ಸಲ ಮೂರು ದಿನ ಕೋಡು ತಿದ್ದೀನಿ ನಾನು.
ತಪ್ಪು ಇದ್ದದ್ದು ಹಿಡಿಯಷ್ಟು ಹತ್ತಿ.

ಆ ರಾತ್ರಿದು ಹೇಳ್ತೀನಿ, ಯಾರಿಗೂ ಪೂರಾ ಹೇಳಿಲ್ಲ.
ಎಳ್ಳಮಾಸಿ ಮರುದಿನ, ಗಂಜಿನ ತುಂಬ ಗಾಡಿ,
ಡಿಸ್ಕು ನೂರಕ್ಕ ನೂರು ತುಂಬಿ
ಒಂದು ಚೀಟಿ ಸೈತ ಹೊರಗ ಬರವಲ್ದು.
ಹಳೀ ಲಾಗು ಜಾಲಿಕಂಟಿ ಬೆಳದಂಗ ಬೆಳದಿದ್ವು,
ಕಡದು ಕಟ್ಟಿ ಒಗಿಯೋ ವ್ಯವಸ್ಥಾ ನಾನೇ ಮಾಡಿದ್ದಿಲ್ಲ.
ಹಮಾಲರು ಬಾಗಿಲು ಬಡೀತಿದ್ರು.
ಲಾಗಿನ ಫೋಲ್ಡರಿನಾಗ ನಿಂತೀನಿ ಅಂತ ತಿಳಕೊಂಡು
ಆರ್‌ಎಂ ಹೊಡದೆ.
ನಿಂತದ್ದು ತೂಕದ ಫೋಲ್ಡರಿನಾಗ.

ಅದು ಕೇಳಂಗಿಲ್ಲೋ ಉರುಕುಂದಿ,
ಖಾತ್ರಿ ಏನು ಅಂತ ಒಂದು ಮಾತು ಕೇಳಂಗಿಲ್ಲ.
ಕರ್ಸರು ಮುಂದಿನ ಸಾಲಿಗೆ ಬಂದು
ಏನೂ ಆಗಿಲ್ಲದಂಗ ಕಣ್ಣು ಮಿಟಕಿಸ್ತು.

ಬ್ಯಾಕಪ್ಪು ಇತ್ತು.
ದಿನಾ ರಾತ್ರಿ ಎರಡಕ್ಕ ತಾನೇ ಓಡ್ತಿತ್ತು,
ಹಸರು ಅಕ್ಷರದಾಗ ಯಶಸ್ವಿ ಅಂತ ಬರೀತಿತ್ತು.
ತಗದು ನೋಡಿದ್ರ ನಲವತ್ತು ದಿನದಿಂದ
ಎಲ್ಲಾ ಫೈಲು ಸೊನ್ನಿ ಬೈಟು.
ಬಿಚ್ಚಿ ನೋಡದ ಬುತ್ತಿ,
ಗಂಟು ಮಾತ್ರ ಗಟ್ಟಿ ಇತ್ತು.

ಆಗ ಬಂದ್ರು ತೂಕದ ಲಾಲೇಸಾಬ್ ಚಾಚಾ,
ಬಗಲಾಗ ಕೆಂಪು ವಹಿ.
ಕಂಪ್ಯೂಟರ್ ಬಂದು ಆರು ವರ್ಷಾದ್ರೂ
ಬರಿಯೋದು ಬಿಟ್ಟಿದ್ದಿಲ್ಲ, ಎಲ್ಲಾ ಉರ್ದುದಾಗ.
ಅವರು ಓದಿದ್ರು, ನಾನು ಒತ್ತಿದೆ.
ಮಾನ್ವಿ ಬೂದೆಪ್ಪ, ಹನ್ನೊಂದು ಕ್ವಿಂಟಲು ನಲವತ್ತು.
ದೇವದುರ್ಗದ ಶಿವಮ್ಮ, ಆರು ಕ್ವಿಂಟಲು ಎರಡು ಕಿಲೋ.
ಮುನ್ನೂರಾ ಹನ್ನೆರಡು ಲಾಟು.
ಹೋಟೆಲಿನ ಒಗ್ಗರಣಿ ಮಿರ್ಚಿ ವಾಸನಿ ಬಂದಾಗ
ಇನ್ನೂ ಹದಿನೇಳು ಉಳದಿದ್ವು.
ಒಂದು ಹೆಸರಿನ ಮ್ಯಾಲ ಚಾ ಚೆಲ್ಲಿತ್ತು,
ಇಬ್ಬರಿಗೂ ಓದಾಕ ಬರಲಿಲ್ಲ.
ಆ ಸಾಲು ಇವತ್ತಿಗೂ ಡೇಟಾಬೇಸಿನಾಗ ಖಾಲಿ ಅದ.
ಅಳಸಬ್ಯಾಡ.

ಬೈಲಿಲ್ಲ ಚಾಚಾ. ಕೇಳಿದ್ದು ಒಂದೇ,
'ಕಾಟಾ ಸೊನ್ನಿಗೆ ಬಂದದೇನು ಅಂತ
ನೋಡಿದ್ದಿಲ್ಲೇನು ಬೇಟಿ?'
ಪ್ರತಿ ಲಾಟಿಗೂ ತಟ್ಟಿ ಮ್ಯಾಲಿನ ಧೂಳು ಊದಿ
ಮುಳ್ಳು ನಿಂತ ಮ್ಯಾಲೇ ತೂಗಿದ ಮನಷಾ.

ಅದಕ್ಕ, ಅಳಸೋ ಮದಲು ಪಿಡಬ್ಲ್ಯೂಡಿ ಹೊಡಿ.
ನಗಬ್ಯಾಡ, ರಸ್ತಾದಾಗ ತೆಗ್ಗು ಬಿಡೋ ಇಲಾಖೆ ಅಲ್ಲ ಅದು,
ಎಲ್ಲಿ ನಿಂತೀನಿ ಅಂತ ಮಷೀನಿಗೆ ಕೇಳೋದು.
ಆಮ್ಯಾಲ ಎಲ್‌ಎಸ್. ಕಣ್ಣಿಗೆ ಬಿದ್ದದ್ದನ್ನ ಮಾತ್ರ ಅಳಸು.
ಕೆಲಸ ನಿಂತಾದ, ಏಳೇಳೇಳು ಕೊಟ್ಟುಬಿಡು ಅಂತಾರ ಯಾರರ,
ಗೋದಾಮಿನ ಬಾಗಿಲಿಗೆ ಕಲ್ಲಿಟ್ಟು
ಊಟಕ್ಕ ಹೋಗ್ತೀರೇನು ಅಂತ ಕೇಳು.
ಅಮಾಸಿಗೆ ಗಂಜು ಸೂಟಿ ಇರ್ತದಲ್ಲ,
ಆವತ್ತು ಬ್ಯಾಕಪ್ಪು ಬಿಚ್ಚಿ
ಬ್ಯಾರೇ ಮಷೀನಿನಾಗ ಎಬ್ಬಿಸು.
ಎದ್ದು ನಿಂತ್ರ ಬ್ಯಾಕಪ್ಪು, ಇಲ್ಲಂದ್ರ ಬರೀ ಸಮಾಧಾನ.
ಏನು ಮಾಡೀದಿ ಅಂತ ಕೋಡಿನಾಗ ಬರಿಬ್ಯಾಡ, ಅದು ಕಾಣ್ತದ.
ಯಾಕ ಮಾಡೀದಿ ಅಂತ ಬರಿ.
ಒಂದು ಕಡಿ ನಾನೇ 'ಇದನ್ನ ಮುಟ್ಟಬ್ಯಾಡ' ಅಂತ ಬರದೀನಿ,
ಯಾಕಂತ ಮರತೀನಿ.
ಮುಟ್ಟಬ್ಯಾಡ.

ಕೇಳು, ಗಾಡಿ ಬಂತು ಹೊರಗ.
ಯುಪಿಎಸ್ ಕೆಳಗ ಕೆಂಪು ವಹಿ ಅದ,
ಎತ್ತರಕ್ಕಂತ ಇಟ್ಟದ್ದಲ್ಲ.
ಹಾಳಿ ಇನ್ನೂ ಉಳದಾವ,
ಪೆನ್ನು ಅದರಾಗೇ ಅದ.